ಪುಟ್ಟಸ್ವಾಮಿಯನ್ನು ಮರದಿಂದ ಇಳಿಸಿದ್ದು

ಹೋದ ತಿಂಗಳು ನಮ್ಮ ಬೀದಿಯ ತಿರುವಿನಲ್ಲಿರುವ ನೇರಳೆ ಮರದ ಕೊಂಬೆಗಳನ್ನು ಸವರಿದರು. ಬೆಳಿಗ್ಗೆ ಹಾಲು ತರಲು ಹೊರಟವನಿಗೆ ಮೊದಲು ಬಂದದ್ದು ವಾಸನೆ. ಹಸಿ ನೇರಳೆ ಕಡಿದರೆ ಒಂದು ಒಗರು ವಾಸನೆ ಏಳುತ್ತದೆ. ಹಣ್ಣು ತಿಂದ ಮೇಲೆ ನಾಲಿಗೆ ಜಡ್ಡುಗಟ್ಟುತ್ತದಲ್ಲ, ಆ ಒಗರೇ ಗಾಳಿಗೆ ಬಂದಂತೆ. ಕತ್ತೆತ್ತಿ ನೋಡಿದೆ. ತಲೆಗೆ ಹಳದಿ ಟೋಪಿ ಹಾಕಿದ ಇಬ್ಬರು ಲಾರಿಗೆ ಜೋಡಿಸಿದ ಕಬ್ಬಿಣದ ಬುಟ್ಟಿಯೊಳಗೆ ನಿಂತು ಮೋಟಾರು ಗರಗಸ ಆಡಿಸುತ್ತಿದ್ದರು. ನಾನು ಹಾಲಿನ ಅಂಗಡಿಗೆ ಹೋಗದೆ ಮನೆಗೆ ಹಿಂತಿರುಗಿ, ಬಾಗಿಲು ಹಾಕಿಕೊಂಡು ಕೂತೆ. ಶ್ರೀರಂಗಪಟ್ಟಣಕ್ಕೆ ಬಂದು ನೆಲೆಸಿ ಹತ್ತು ವರ್ಷದ ಮೇಲಾಯಿತು. ಇಲ್ಲಿ ನನ್ನನ್ನು ಬಲ್ಲವರೆಲ್ಲ ಸಮಾಧಾನದ ಮನುಷ್ಯ ಎನ್ನುತ್ತಾರೆ. ಅವರಿಗೆ ಗೊತ್ತಿರುವುದು ಅಷ್ಟೇ.

ನಿಮಗೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎತ್ತರವೆಂದರೆ ನನಗೆ ಆಗದು. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿಯನ್ನು ಇವತ್ತಿಗೂ ನನ್ನ ಹೆಂಡತಿಯೇ ಏಣಿ ಹತ್ತಿ ಇಳಿಸುತ್ತಾಳೆ. ನಾನು ಏಣಿಯ ಬುಡ ಹಿಡಿದುಕೊಂಡು, ಹುಷಾರು, ಹುಷಾರು ಎಂದು ಅವಳಿಗೂ ಭಯ ಹುಟ್ಟಿಸುತ್ತೇನೆ. ಮೇಲುಕೋಟೆಯ ಬೆಟ್ಟವನ್ನು ಒಮ್ಮೆ ಹತ್ತಿದ್ದುಂಟು. ಮುಂದೆ ಹೋಗುವವರ ಹಿಮ್ಮಡಿ ಬಿಟ್ಟು ಬೇರೇನನ್ನೂ ನೋಡದೆ ಹತ್ತಿದ್ದರಿಂದ ಆ ಬೆಟ್ಟ ಹೇಗಿದೆ ಎಂದು ಕೇಳಿದರೆ ಹೇಳಲಾರೆ. ಇಂಥವನಿಗೆ ಮರ ಹತ್ತುವವರ ಸ್ನೇಹವಾದದ್ದು ಕೆಲಸದ ದೆಸೆಯಿಂದ.

ತೊಂಬತ್ತರ ದಶಕದಲ್ಲಿ ನಾನು ಹೊಣಕೆರೆ ಹೋಬಳಿಯ ಒಂದು ಊರಿನ ಪುಟ್ಟ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದೆ. ಊರಿನ ಹೆಸರು ಬೇಡ. ಡಾಕ್ಟರು ವಾರದಲ್ಲಿ ಮೂರು ದಿನ ಬರುತ್ತಿದ್ದರು. ಉಳಿದ ದಿನ ಜನಕ್ಕೆ ನಾನೇ ಡಾಕ್ಟರು. ಗಾಯ ತೊಳೆದು ಕಟ್ಟುವುದು ನನಗೆ ಚೆನ್ನಾಗಿ ಬರುತ್ತಿತ್ತು. ಮಿಕ್ಕಿದ್ದಕ್ಕೆ ಬಿಳಿ ಮಾತ್ರೆ ಕೊಟ್ಟು, ಮುಖ ಗಂಭೀರ ಮಾಡಿಕೊಂಡು, ನಾಡಿದ್ದು ಬಾ ಎನ್ನುತ್ತಿದ್ದೆ. ನಾಡಿದ್ದಿಗೆ ಬಹಳ ಜನಕ್ಕೆ ತಾನಾಗಿ ವಾಸಿಯಾಗಿರುತ್ತಿತ್ತು. ಹಾಗಾಗಿ ನನಗೆ ಒಳ್ಳೆಯ ಹೆಸರೂ ಬಂದಿತ್ತು.

ಆಸ್ಪತ್ರೆಯ ಪಕ್ಕದಲ್ಲಿ ಒಂದು ಹಳೆಯ ನೇರಳೆ ಮರ. ಅದರ ಒಂದು ದೊಡ್ಡ ಕೊಂಬೆ ನಮ್ಮ ಹೆಂಚಿನ ಮೇಲೇ ಚಾಚಿಕೊಂಡಿತ್ತು. ಪ್ರತಿ ಮಳೆಗಾಲಕ್ಕೂ ಅದರ ರೆಂಬೆ ಮುರಿದು ಬಿದ್ದು ಹೆಂಚು ಒಡೆಯುವುದು, ಔಷಧಿ ಕೋಣೆ ಸೋರುವುದು. ನಾನು ಅರ್ಜಿಯ ಮೇಲೆ ಅರ್ಜಿ ಬರೆದ ಮೇಲೆ ಕೊನೆಗೂ ಅಪ್ಪಣೆ ಬಂತು. ಮರ ಸವರುವುದಕ್ಕೆ ಪಕ್ಕದೂರಿನ ಈರಾಚಾರಿ ಮತ್ತು ಅವನ ಅಳಿಯ ಪುಟ್ಟಸ್ವಾಮಿ ಬಂದರು.

ಈರಾಚಾರಿ ಮರಗೆಲಸದ ಮನೆತನದವನು. ತೊಲೆಗೆ, ಬಾಗಿಲಿಗೆ ಮರ ಆರಿಸಲು ಹೋಗಿ ಹೋಗಿ, ಮರ ಹತ್ತಿ ಸವರುವುದನ್ನೇ ಕಸುಬು ಮಾಡಿಕೊಂಡಿದ್ದ. ಆಗ ಐವತ್ತೈದು ದಾಟಿದ್ದ. ಎಡ ಮಂಡಿ ಮಡಿಸಲು ಬರುತ್ತಿರಲಿಲ್ಲವಾಗಿ ಹತ್ತುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಈಗ ಹತ್ತುವವನು ಪುಟ್ಟಸ್ವಾಮಿ. ಬೂಕನಕೆರೆ ಕಡೆಯ ಹುಡುಗ; ಈರಾಚಾರಿಯ ಅಕ್ಕನ ಮಗ. ಮಗಳು ಗೌರಮ್ಮನನ್ನು ಕೊಟ್ಟು ಮನೆಅಳಿಯನಾಗಿ ಇಟ್ಟುಕೊಂಡಿದ್ದ. ಮಾವ ಕೆಳಗೆ ನಿಂತು ಹೇಳುವುದು, ಅಳಿಯ ಮೇಲೆ ಕೂತು ಮಾಡುವುದು.

ಈರಾಚಾರಿ ಮರಕ್ಕೆ ಕೊಡಲಿ ತಾಗಿಸುವ ಮೊದಲು ಸುತ್ತ ಮೂರು ಸಲ ಬರುತ್ತಿದ್ದ. ದೇವರಿಗೆ ಪ್ರದಕ್ಷಿಣೆ ಹಾಕಿದಂತೆ ಕಾಣುತ್ತಿತ್ತು. ಆದರೆ ಅವನು ನೋಡುತ್ತಿದ್ದದ್ದು ಕಣಜದ ಗೂಡು, ಒಣಕೊಂಬೆ, ಕರೆಂಟಿನ ತಂತಿ. ಕೊನೆಗೆ ಕೆಳಗಿನ ನೆಲ. "ಓಡೋ ದಾರಿ ಮೊದ್ಲು ನೋಡ್ಕಬೇಕು ಕಣ್ಲಾ, ಕೊಡ್ಲಿ ಆಮ್ಯಾಕೆ" ಎಂದು ಅಳಿಯನಿಗೆ ಹೇಳುತ್ತಿದ್ದ. ಸೊಂಟಕ್ಕೆ ಹಗ್ಗ ಬಿಗಿದು ಮರಕ್ಕೆ ಕಟ್ಟದೆ ಅವನು ಅಳಿಯನನ್ನು ಹತ್ತಲು ಬಿಡುತ್ತಿರಲಿಲ್ಲ. ಸುತ್ತಮುತ್ತ ಮರ ಹತ್ತುವ ಮಿಕ್ಕವರೆಲ್ಲ ಅದನ್ನು ನೋಡಿ ನಗುತ್ತಿದ್ದರು, ಎಮ್ಮೆ ಕಟ್ಟಿದಂಗೆ ಕಟ್ತಾನೆ ಎಂದು.

ನೇರಳೆಯೆಂದರೆ ಮಾತ್ರ ಅವನಿಗೆ ಅಷ್ಟಕ್ಕಷ್ಟೆ. ಅವತ್ತು ನಾನು ಕೊಟ್ಟ ಕಾಫಿ ಕುಡಿಯುತ್ತ ಹೇಳಿದ: "ಉಣ್ಸೆ ಬಾಗ್ತದೆ ಸ್ವಾಮಿ. ಬೇವು ಕಿರುಗುಟ್ಟಿ ಯೋಳ್ತದೆ. ಈ ನೇರ್ಳೆ ಐತಲ್ಲ, ಇದು ಒಂದ್ ಮಾತೂ ಆಡ್ದೆ ಮುರ್ಕೊಂಬುಡ್ತದೆ."

ಪುಟ್ಟಸ್ವಾಮಿ ನಕ್ಕ. "ನಮ್ಮ ಮಾವಂಗೆ ಎಲ್ಲಾ ಮರಾನೂ ಮಾತಾಡ್ಬೇಕು ಸಾ. ಮನೇಲಿ ನಮ್ಮತ್ತೆ ಮಾತಾಡುದ್ರೆ ಆಗಾಕಿಲ್ಲ."

ಹೀಗೆ ನಗುತ್ತ ಹತ್ತಿದ ಮನುಷ್ಯ. ಎರಡು ವರ್ಷದ ಮಗನಿದ್ದ ಅವನಿಗೆ. ಕತ್ತಿನಲ್ಲಿ ಕರಿದಾರ, ಕಾಲಿಗೆ ಚಪ್ಪಲಿ ಇಲ್ಲ. ಮರದ ಮೈಗೆ ಅಂಗಾಲು ಒತ್ತಿ ಅವನು ಹತ್ತುವುದನ್ನು ನೋಡಿದರೆ ಎತ್ತರವೆನ್ನುವುದು ನನ್ನಂಥವರು ಕಟ್ಟಿಕೊಂಡ ಸುಳ್ಳು ಎನಿಸುತ್ತಿತ್ತು.

ಆದದ್ದನ್ನು ಇದ್ದಂತೆ ಹೇಳುತ್ತೇನೆ. ಬೆಳಿಗ್ಗೆ ಹನ್ನೊಂದರ ಹೊತ್ತು. ಹೆಂಚಿನ ಮೇಲೆ ಚಾಚಿದ ಕೊಂಬೆಯನ್ನು ಹಗ್ಗದಲ್ಲಿ ಕಟ್ಟಿ, ಕಡಿದು, ಮೆಲ್ಲಗೆ ಇಳಿಸಬೇಕಿತ್ತು. ಪುಟ್ಟಸ್ವಾಮಿ ಕೊಡಲಿಯ ಹಿಂಬದಿಯಿಂದ ಕೊಂಬೆಗೆ ಬಡಿದ. ಈರಾಚಾರಿ ಕೆಳಗಿನಿಂದ ಕಿವಿಗೆ ಕೈ ಇಟ್ಟು ಕೇಳಿ, ಗಟ್ಟಿಯಿದೆ ಎಂದ. ಸದ್ದು ಗಟ್ಟಿಯಾಗಿಯೇ ಇತ್ತು. ಒಳಗೆ, ತೀರ ಒಳಗೆ ಕೊಳೆತು ಲಡ್ಡಾಗಿದ್ದದ್ದು ಯಾರ ಕಿವಿಗೂ ಸಿಗುವಂತಿರಲಿಲ್ಲ. ಅರ್ಧ ಕಡಿಯುವ ಮೊದಲೇ ಕೊಂಬೆ ಉದ್ದುದ್ದಕ್ಕೆ ಸೀಳಿತು. ಸದ್ದಿಗೆ ಪುಟ್ಟಸ್ವಾಮಿ ಆಚೆ ಹೊರಳಿದ. ಸೀಳಿದ ಬುಡ ಚಿಮ್ಮಿ ಬಂದು ಅವನ ನಡುಬೆನ್ನಿಗೆ ಬಡಿಯಿತು. ಕವೆಯಿಂದ ಅವನು ಉರುಳಿದ್ದನ್ನು ನಾನು ಔಷಧಿ ಕೋಣೆಯ ಕಿಟಕಿಯಿಂದ ಕಂಡೆ. ನೆಲಕ್ಕೆ ಬೀಳಲಿಲ್ಲ. ಎಲ್ಲರೂ ನಗುತ್ತಿದ್ದ ಆ ಸೊಂಟದ ಹಗ್ಗ ಅವನನ್ನು ಹಿಡಿದು ನಿಲ್ಲಿಸಿತು. ಎರಡು ಆಳಿಗೂ ಮೀರಿದ ಎತ್ತರದಲ್ಲಿ, ಕಾಂಡಕ್ಕೆ ಒರಗಿಕೊಂಡು, ತಲೆ ವಾಲಿಸಿಕೊಂಡು ನೇತಾಡುತ್ತಿದ್ದ. ಅವನ ನೆತ್ತಿಯ ಮೇಲೆ ಆ ಸೀಳು ಕೊಂಬೆ, ಒಂದು ಪಟ್ಟಿ ಸಿಪ್ಪೆಯ ಆಧಾರದಲ್ಲಿ ತೂಗುತ್ತಿತ್ತು.

ಜನ ಓಡಿ ಬಂದರು. ಬಂದವರೆಲ್ಲ ಮರದ ಬುಡಕ್ಕೇ ನುಗ್ಗಿದರು. ಈರಾಚಾರಿ ಎರಡೂ ತೋಳು ಚಾಚಿ ಅಡ್ಡ ನಿಂತ. "ಯಾರೂ ಬುಡಕ್ಕೆ ಬರ್ಬ್ಯಾಡಿ! ಮ್ಯಾಲಿರೋದು ಇನ್ನೂ ಬಿದ್ದಿಲ್ಲ!" ಯಾರೋ ಜಮಖಾನ ತಂದು, ಹಗ್ಗ ಕೊಯ್ದುಬಿಡಿ, ನಾವು ಕೆಳಗೆ ಹಿಡಿಯುತ್ತೇವೆ ಎಂದರು. ಅವನು ಅತ್ತ ತಿರುಗಿಯೂ ನೋಡಲಿಲ್ಲ. ಕತ್ತೆತ್ತಿ ಕೂಗಿದ: "ಪುಟ್ಟಸ್ವಾಮಿ, ಲೇ, ಗ್ಯಾನ ಐತೇನ್ಲಾ?"

ಮೇಲಿನಿಂದ ಬಹಳ ಹೊತ್ತಾದ ಮೇಲೆ ದನಿ ಬಂತು. "ಬೆನ್ನು ಮಾವ."

"ಅಲ್ಲಾಡ್ಬ್ಯಾಡ. ಬತ್ತಾವ್ನಿ."

ಆರು ವರ್ಷ ಮರ ಹತ್ತದವನು ಪಂಚೆ ಎತ್ತಿ ಕಟ್ಟಿದ. ತೆಂಗಿನಕಾಯಿ ಕೀಳುವ ಶಿವಲಿಂಗ ಎಂಬುವನನ್ನು ಜೊತೆಗೆ ಕರೆದುಕೊಂಡ. ನಮ್ಮ ಆಸ್ಪತ್ರೆಯ ಜಗುಲಿಯಲ್ಲಿ ರೋಗಿಗಳು ಕೂರುವ ಬೆಂಚಿತ್ತು. ಅದರ ಹಲಗೆಯನ್ನು ಕೀಳಿಸಿದ. ಹಗ್ಗದ ಒಂದು ತುದಿ ತಾನು ಹಿಡಿದು, ಇನ್ನೊಂದು ತುದಿಯನ್ನು, ಅಷ್ಟು ಜನರಲ್ಲಿ ಯಾಕೋ ಏನೋ, ನನ್ನ ಕೈಗೆ ಕೊಟ್ಟ. "ಜಗ್ಲಿ ಕಲ್ಲುಕಂಬಕ್ಕೆ ಮೂರು ಸುತ್ತು ಸುತ್ತಿ ಇಡ್ಕಳಿ ಸ್ವಾಮಿ. ನಾನು ಬುಡಿ ಅಂದ್ರೆ ವಸಿ ವಸೀನೇ ಬುಡಿ. ಸಾಕು ಅಂದ್ರೆ ನಿಲ್ಸಿ. ಬ್ಯಾರೆ ಯಾರ್ ಮಾತೂ ಕೇಳ್ಬ್ಯಾಡಿ."

ಅವನು ಹತ್ತಿದ್ದನ್ನು ನಾನು ನೋಡಲಿಲ್ಲ. ನೋಡುವ ಶಕ್ತಿ ಇರಲಿಲ್ಲ. ಕಂಬವನ್ನೇ ನೋಡುತ್ತ ನಿಂತಿದ್ದೆ. ಅವನು ಮೊದಲು ಅಳಿಯನನ್ನು ಮುಟ್ಟಲಿಲ್ಲವೆಂದು ಆಮೇಲೆ ಶಿವಲಿಂಗ ಹೇಳಿದ. ಮೊದಲು ತೂಗುತ್ತಿದ್ದ ಕೊಂಬೆಯನ್ನು ಕಾಂಡಕ್ಕೆ ಬಿಗಿದು ಕಟ್ಟಿದನಂತೆ. ಕೆಳಗಿದ್ದವರು, ಅಳಿಯನನ್ನು ಬಿಟ್ಟು ಕೊಂಬೆ ಕಟ್ಟುತ್ತಾನಲ್ಲ ಈ ಮುದುಕ ಎಂದು ಬಯ್ಯುತ್ತಿದ್ದದ್ದು ನನಗೂ ಕೇಳಿಸಿತು. ಅದು ಭದ್ರವಾದ ಮೇಲೆ ಕೆಳಗಿನ ಕೊಂಬೆಯಲ್ಲಿ ಕಾಲೂರಿ ನಿಂತು, ಹಲಗೆಯನ್ನು ಅಳಿಯನ ಬೆನ್ನಿಗೆ ಕೊಟ್ಟು, ಎದೆ, ಸೊಂಟ, ತೊಡೆ, ಹಣೆ ಸೇರಿಸಿ ಪಂಚೆ ಹರಿದು ಕಟ್ಟಿದನಂತೆ. ತನ್ನ ಕಡೆಯ ಹಗ್ಗದ ತುದಿಯನ್ನು ಮೇಲಿನ ಗಟ್ಟಿ ಕವೆಯೊಂದರ ಮೇಲಿಂದ ಹಾಯಿಸಿ ಹಲಗೆಗೆ ಬಿಗಿದು, ಅಳಿಯನ ಸೊಂಟದ ಹಗ್ಗ ಬಿಚ್ಚಿದನಂತೆ. ಎಷ್ಟು ಹೊತ್ತಾಯಿತೋ. ಆಮೇಲೆ ಮೇಲಿನಿಂದ "ಬುಡಿ" ಎಂದು ಕೇಳಿಸಿತು.

ಬಿಟ್ಟೆ. ಗೇಣು ಗೇಣಾಗಿ ಬಿಟ್ಟೆ. ಸೆಣಬಿನ ಹಗ್ಗ ಅಂಗೈಯ ತೊಗಲನ್ನು ಸುಲಿಯುತ್ತಿತ್ತು. ನನ್ನ ಜೀವಮಾನದಲ್ಲಿ ನಾನು ಪೂರ್ತಿ ಸರಿಯಾಗಿ ಮಾಡಿದ ಕೆಲಸ ಯಾವುದಾದರೂ ಇದ್ದರೆ ಆ ಹಗ್ಗ ಬಿಟ್ಟದ್ದು. ಪುಟ್ಟಸ್ವಾಮಿ ಹಲಗೆಗೆ ಕಟ್ಟಿದಂತೆಯೇ, ಒಂದಿಷ್ಟೂ ಕುಲುಕದೆ ನೆಲಕ್ಕೆ ಬಂದ. ಅವನನ್ನು ಹಲಗೆಯ ಸಮೇತ ಮೆಲ್ಲಗೆ ಮಲಗಿಸಿದರು.

ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು: ಬೆನ್ನಿಗೆ ಪೆಟ್ಟಾದವರನ್ನು ಏಳಿಸಬಾರದು, ಕೂರಿಸಬಾರದು, ಮಲಗಿದಂತೆಯೇ ಸಾಗಿಸಬೇಕು. ಕಾಲಿನಲ್ಲಿ ಚಲನೆ ಇದೆಯೇ ನೋಡಬೇಕು. ನಾನು ಮಂಡಿಯೂರಿ ಕೂತು ಅವನ ಅಂಗಾಲು ಮುಟ್ಟಿದೆ. "ಪುಟ್ಟಸ್ವಾಮಿ, ಬೆರಳು ಆಡಿಸು ನೋಡೋಣ" ಎಂದೆ. ಬಲಗಾಲಿನ ಹೆಬ್ಬೆರಳು ಆಡಿತು. ಆಮೇಲೆ ಎಡಗಾಲಿನ ಐದು ಬೆರಳೂ. ಮಣ್ಣು ಮೆತ್ತಿದ, ಉಗುರು ಸೀಳಿದ ಬೆರಳುಗಳು. ಅಷ್ಟು ಸಂತೋಷ ನನಗೆ ಯಾವತ್ತೂ ಆದದ್ದಿಲ್ಲ.

ಅಷ್ಟರಲ್ಲಿ ಜೀಪು ಬಂತು. ಹಿಂದೆ ಸೊಸೈಟಿಗೆ ಚೇರ್ಮನ್ ಆಗಿದ್ದ ದೊಡ್ಡ ಮನುಷ್ಯರು ತಾವೇ ಓಡಿಸಿಕೊಂಡು ಬಂದಿದ್ದರು. ಒಳ್ಳೆಯವರು. ಊರಲ್ಲಿ ಯಾರಿಗೆ ಕಷ್ಟವೆಂದರೂ ಅವರ ಜೀಪು ಹೊರಡುತ್ತಿತ್ತು. ನಾನಿದ್ದ ಮನೆಯೂ ಅವರದ್ದೇ. ಹಲಗೆಯನ್ನು ಜೀಪಿನೊಳಗೆ ತೂರಿಸಲು ನೋಡಿದರು; ಉದ್ದವಾಯಿತು, ಹಿಂದಿನ ಬಾಗಿಲು ಕೂಡಲಿಲ್ಲ. "ಬಿಚ್ರಲಾ ಅತ್ಲಾಗೆ. ಮಧ್ಯ ಕುಂಡ್ರುಸ್ಕೊಂಡು ಇಬ್ರು ಇಡ್ಕಳಿ. ತಡ ಆಯ್ತದೆ" ಎಂದರು ಚೇರ್ಮನ್ನರು.

ಈರಾಚಾರಿ ಇನ್ನೂ ಮರದ ಮೇಲೆಯೇ ಇದ್ದ. ಹತ್ತಿದ ಮಂಡಿ ಇಳಿಯಲು ಕೇಳುತ್ತಿರಲಿಲ್ಲ. ಅಲ್ಲಿಂದಲೇ ಒಂದೇ ಸಮ ಕೂಗುತ್ತಿದ್ದ: "ಅಲ್ಗೆ ಬಿಚ್ಬ್ಯಾಡಿ! ದಮ್ಮಯ್ಯ, ಅಲ್ಗೆ ಬಿಚ್ಬ್ಯಾಡಿ!" ಮರದ ಮೇಲಿನವನ ಮಾತು ಕೆಳಗಿನವರ ಗದ್ದಲದಲ್ಲಿ ಸೇರಿಹೋಯಿತು.

ನಾನು ಎದ್ದು ನಿಂತೆ. "ಸಾರ್" ಎಂದೆ.

"ಏನ್ ಕಾಂಪೌಂಡ್ರೇ?" ಚೇರ್ಮನ್ನರು ತಿರುಗಿದರು. ಸುತ್ತ ಅಷ್ಟೂ ಜನ ನನ್ನನ್ನೇ ನೋಡಿದರು. ಹಿಂದಿನ ಬಾಗಿಲು ತೆರೆದೇ ಹೋಗಬಹುದಿತ್ತು. ಸೊಸೈಟಿಯ ಮುಂದೆ ಒಂದು ಟ್ರಾಕ್ಟರು ನಿಂತಿತ್ತು, ಟ್ರೈಲರಿನಲ್ಲಿ ಹುಲ್ಲು ಹಾಸಿ ಮಲಗಿಸಬಹುದಿತ್ತು. ಎರಡೂ ನನ್ನ ತಲೆಯಲ್ಲಿ ಬಂದವು. ಆದರೆ ನಾನೆಷ್ಟರವನು, ತಡವಾಗಿ ಏನಾದರೂ ಆದರೆ ನನ್ನ ಮೇಲೇ ಬರುತ್ತದೆ, ದೊಡ್ಡವರು ಹೇಳುತ್ತಿದ್ದಾರೆ ಎಂಬುದೂ ಬಂತು.

"ಏನಿಲ್ಲ ಸಾರ್" ಎಂದೆ.

ಬಿಚ್ಚಿದರು. ಕಂಕುಳಿಗೆ ಕೈಹಾಕಿ ಎತ್ತಿ ಕೂರಿಸಿದರು. ಪುಟ್ಟಸ್ವಾಮಿ ಒಂದು ಸಲ ಕೂಗಿದ. ಆ ಕೂಗನ್ನು ನಾನು ಇಲ್ಲಿ ಬರೆಯಲಾರೆ. ಆಮೇಲೆ ಸುಮ್ಮನಾದ. ಪಕ್ಕದಲ್ಲಿ ಹಿಡಿದಿದ್ದವರ ಕಡೆ ತಿರುಗಿ, "ಈಗ ನೋವಿಲ್ಲ ಬುಡಿ. ಪೂರಾ ಓಯ್ತು" ಎಂದ. ಜನರೆಲ್ಲ ದೇವರು ದೊಡ್ಡವನು ಎಂದರು. ನೋವು ಪೂರಾ ಹೋಯಿತು ಎಂದರೆ ಏನೆಂದು ಅಲ್ಲಿ ಗೊತ್ತಿದ್ದವನು ನಾನೊಬ್ಬನೇ. ಜೀಪು ನಾಗಮಂಗಲದ ಕಡೆಗೆ ಹೋಯಿತು.

ದೊಡ್ಡಾಸ್ಪತ್ರೆಯಲ್ಲಿ ಎರಡು ತಿಂಗಳಿದ್ದ. ಸೊಂಟದಿಂದ ಕೆಳಗೆ ಸ್ವಾಧೀನ ಮತ್ತೆ ಬರಲಿಲ್ಲ. ಪೆಟ್ಟು ಬಿದ್ದಾಗಲೇ ಹೀಗಾಯಿತೋ ಆಮೇಲೆ ಆಯಿತೋ ಹೇಳುವುದು ಕಷ್ಟ ಎಂದರಂತೆ ಅಲ್ಲಿಯ ಡಾಕ್ಟರು. ಮನೆಗೆ ಕರೆತಂದ ಮೇಲೆ ಬೆನ್ನಿನಲ್ಲಿ ಹಾಸಿಗೆ ಹುಣ್ಣು ಎದ್ದವು. ನಾನು ದಿನ ಬಿಟ್ಟು ದಿನ ಸೈಕಲ್ಲಿನಲ್ಲಿ ಅವರೂರಿಗೆ ಹೋಗಿ ತೊಳೆದು ಕಟ್ಟಿ ಬರತೊಡಗಿದೆ. ಮಳೆ ಬರಲಿ, ಹಬ್ಬವಿರಲಿ, ತಪ್ಪಿಸಲಿಲ್ಲ. ಮೂರು ವರ್ಷ ಹಾಗೆ ಮಾಡಿದೆ. ಎರಡೂರಿನ ಜನ, ಕಾಂಪೌಂಡ್ರು ಅಂದ್ರೆ ದೇವ್ರಂತೋರು ಎಂದರು. ಗೌರಮ್ಮ ಒಂದು ದಿನವೂ ಮಜ್ಜಿಗೆ ಕೊಡದೆ ಕಳಿಸಲಿಲ್ಲ. ಪುಟ್ಟಸ್ವಾಮಿ ಗೋಡೆಯ ಕಡೆ ಮುಖ ಮಾಡಿ ಮಲಗಿ, ನಾನು ಹುಣ್ಣು ತೊಳೆಯುವಾಗ ಊರ ಸುದ್ದಿ ಕೇಳುತ್ತಿದ್ದ. ಅವತ್ತಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎತ್ತಿದವನು ಈರಾಚಾರಿ. ಒಂದು ಮಧ್ಯಾಹ್ನ ಆಸ್ಪತ್ರೆಗೆ ಬಂದು, ಆ ಬೆಂಚಿನಲ್ಲಿ ಕೂತ. ಹಲಗೆಯನ್ನು ಮತ್ತೆ ಜೋಡಿಸಿದವನೂ ಅವನೇ. ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ಕೇಳಿದ: "ಸ್ವಾಮಿ, ಮರದ ಮ್ಯಾಲೆ ಅಲ್ಗೆಗೆ ಕಟ್ಟುವಾಗ ಅವನ್ನ ವಸಿ ಒರಳಿಸ್ಬೇಕಾಯ್ತು. ನಾನೇ ಅವನ ಬೆನ್ನು ಮುರುದ್ನೋ ಏನೋ. ಕೆಳಿಕೆ ಬಂದಾಗ ಕಾಲು ಆಡ್ತಿತ್ತಾ? ನೀವು ಮುಟ್ಟಿ ನೋಡುದ್ರಿ ಅಂತ ಶಿವಲಿಂಗ ಅಂದ."

ಆಡುತ್ತಿತ್ತು ಎಂದರೆ ಅವನ ಎದೆಯ ಭಾರ ಇಳಿಯುತ್ತಿತ್ತು. ಇಳಿದ ಭಾರ ಎಲ್ಲಿ ಹೋಗಿ ಕೂರುತ್ತದೆಂದು ನನಗೆ ಗೊತ್ತಿತ್ತು.

"ಗಾಬರಿಯಲ್ಲಿ ಸರಿಯಾಗಿ ನೋಡಲಿಲ್ಲ ಈರಾಚಾರಿ" ಎಂದೆ.

ಅವನು ತಲೆಯಾಡಿಸಿ ಎದ್ದು ಹೋದ. ಆಮೇಲೆ ಅವನು ಮರದ ಕೆಲಸಕ್ಕೆ ಹೋಗಲಿಲ್ಲ, ಉಳಿ ಬಾಚಿಯನ್ನೂ ಮುಟ್ಟಲಿಲ್ಲ. ಅಳಿಯ ಮಲಗಿದ್ದ ಕೋಣೆಗೆ ಬರುತ್ತಿರಲಿಲ್ಲ. ದನದ ಕೊಟ್ಟಿಗೆಯ ಕಡೆ ಕೂತಿರುತ್ತಿದ್ದ. ನನಗೆ ಕೆ.ಆರ್. ಪೇಟೆಗೆ ವರ್ಗವಾಯಿತು. ವರ್ಗ ಬೇಕೆಂದು ಬರೆದುಕೊಂಡವನೂ ನಾನೇ. ಮರುವರ್ಷ ಈರಾಚಾರಿ ತೀರಿಕೊಂಡ ಸುದ್ದಿ ಬಂತು. ಅದಾದ ಎರಡು ವರ್ಷಕ್ಕೆ ಪುಟ್ಟಸ್ವಾಮಿಯೂ ಹೋದನಂತೆ. ಎರಡಕ್ಕೂ ನಾನು ಹೋಗಲಿಲ್ಲ.

ಹೋದ ತಿಂಗಳು ಕೊನೆಗೂ ಹೋದೆ. ನಮ್ಮ ಬೀದಿಯ ಮರ ಸವರಿದ ಮೇಲೆ ನಾಲ್ಕು ದಿನ ನಿದ್ದೆ ಬರಲಿಲ್ಲ. ಐದನೆಯ ದಿನ ಹೆಂಡತಿಗೂ ಸರಿಯಾಗಿ ಹೇಳದೆ ಪಾಂಡವಪುರದ ಮೇಲೆ ನಾಗಮಂಗಲದ ಬಸ್ಸು ಹತ್ತಿದೆ. ಗೌರಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತಿಸಿ ಚಾಪೆ ಹಾಸಿದಳು. ನಾನು ಕೂರುವ ಮೊದಲೇ ಹೇಳಿದೆ. ಬೆರಳು ಆಡಿದ್ದು, ನಾನು ನೋಡಿದ್ದು, ಜೀಪಿನ ಮುಂದೆ ಏನಿಲ್ಲ ಎಂದದ್ದು, ಅವಳ ಅಪ್ಪನಿಗೆ ಹೇಳಿದ ಸುಳ್ಳು, ಎಲ್ಲ.

ಅವಳು ಬೆರಗಾಗಲಿಲ್ಲ. "ಗೊತ್ತು ಕಣಪ್ಪ" ಎಂದಳು. "ಅವರಿಗೆ ಗ್ಯಾನ ಇತ್ತಲ್ಲ. ಕಾಂಪೌಂಡ್ರು ಆಡ್ಸು ಅಂದ್ರು, ಆಡುಸ್ದೆ ಅಂತ ಆಸ್ಪತ್ರೇಲೇ ಯೋಳಿದ್ರು ನಂಗೆ."

 ಮೂರು ವರ್ಷ ಗೋಡೆ ನೋಡಿಕೊಂಡು ಮಲಗಿದ್ದವನ ಬೆನ್ನು ಕಣ್ಣ ಮುಂದೆ ಬಂತು. "ಮತ್ತೆ ನನ್ನನ್ನು ಯಾಕೆ ಕೇಳಲಿಲ್ಲ?"

"ನಾನು ಕೇಳ್ತೀನಿ ಅಂದೆ. ಅವರೇ ಬ್ಯಾಡ ಅಂದ್ರು. ಕೇಳುದ್ರೆ ಕಾಂಪೌಂಡ್ರು ಬರಾದು ನಿಲ್ಸ್‌ಬುಡ್ತಾರೆ, ಆಮ್ಯಾಕೆ ಹುಣ್ಣು ತೊಳ್ಯೋರ್ಯಾರು ಅಂದ್ರು."

ಇದನ್ನು ಅವಳು ಸಿಟ್ಟಿನಿಂದ ಹೇಳಲಿಲ್ಲ. ಮುಂದಿನದನ್ನು ಹೇಳುವಾಗ ಮಾತ್ರ ದನಿ ಬದಲಾಯಿತು. "ನಮ್ಮಪ್ಪಂಗೂ ಮನಗಿದ್ದಲ್ಲಿಂದ್ಲೇ ಕೂಗಿ ಯೋಳಿದ್ರು. ನೀನಲ್ಲ ಮಾವ, ಕೆಳಿಕೆ ಬಂದಾಗ ಕಾಲು ಚೆಂದಾಗಿತ್ತು ಅಂತ. ನಮ್ಮಪ್ಪ ನಂಬ್ನಿಲ್ಲ. ನನ್ ಸಮಾಧಾನಕ್ಕೆ ಅಂತೀಯ ಕಣ್ಲಾ, ಕಾಂಪೌಂಡ್ರನ್ನೇ ಕೇಳ್ದೆ, ನೋಡ್ನಿಲ್ಲ ಅಂದ್ರು, ಓದ್ದೋರು ಯಾಕ್ ಸುಳ್ ಯೋಳ್ತಾರೆ ಅಂದ."

ನಾನು ಹೊರಡಲು ತಿರುಗಿದೆ. ಕೈ ಮುಗಿಯಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ. ಮೂರು ಗಂಟೆಯ ಬಸ್ಸಿದೆ ಎಂದು ಏನೋ ಅಂದೆ. ಗೌರಮ್ಮ ಬಾಗಿಲಿಗೆ ಅಡ್ಡ ಬಂದಳು.

"ಕುಂತ್ಕಳಿ. ನನ್ ಮಗ ಮಂಜ ಡೇರಿಯಿಂದ ಸಂಜೀಕೆ ಬತ್ತಾನೆ. ತಾತ ಮರದ ಮ್ಯಾಲೆ ಎಳ್ದಾಡಿ ಅಪ್ಪನ ಬೆನ್ನು ಮುರ್ದ ಅಂತ ಊರೋರು ಅಂದಿದ್ದನ್ನೇ ಇಡ್ಕಂಡು ಈಗ್ಲೂ ಬೈತಾನೆ. ತಾತನ ಎಡೆಗೂ ಕೈ ಮುಗ್ಯಾಕಿಲ್ಲ. ನಾನ್ ಯೋಳುದ್ರೆ ನಂಬಾಕಿಲ್ಲ. ಇದ್ದು, ಅವನಿಗೆ ಯೋಳ್ಬುಟ್ಟು ಓಗಿ."

ಇದ್ದೆ. ಮೂರರ ಬಸ್ಸು ಹೋಯಿತು, ನಾಲ್ಕೂವರೆಯದೂ ಹೋಯಿತು. ಐದಕ್ಕೆ ಅವನು ಬಂದ. ಪುಟ್ಟಸ್ವಾಮಿಯದೇ ಹಣೆ, ಪುಟ್ಟಸ್ವಾಮಿಗಿಂತ ದೊಡ್ಡ ವಯಸ್ಸು. ಜಗುಲಿಯ ಮೇಲೆ ಕೂತು ಎಲ್ಲವನ್ನೂ ಎರಡನೆಯ ಸಲ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಹೊಡೆಯುತ್ತಾನೇನೋ ಎಂದುಕೊಂಡೆ. ಹೊಡೆದಿದ್ದರೆ ಹಗುರಾಗುತ್ತಿತ್ತು. ಕೊನೆಗೆ ಎದ್ದು ಬೈಕಿನ ಬೀಗ ತೆಗೆದು, "ಕತ್ತಲಾಯ್ತದೆ, ಕೂತ್ಕಳಿ, ಮೇನ್ ರೋಡ್‌ಗಂಟ ಬುಡ್ತೀನಿ" ಎಂದ.

 ರಸ್ತೆ ಸೇರಿದಲ್ಲಿ ನಾನು ಇಳಿದೆ. ಅವನು ಎಂಜಿನ್ ಆರಿಸಿ, ನನ್ನ ಮುಖ ನೋಡದೆ ಕೇಳಿದ: "ನಮ್ ತಾತ ಸಾಯೋಗಂಟ ನಮ್ಮಪ್ಪನ ಮುಖ ನೋಡಿ ಮಾತಾಡ್ನಿಲ್ಲ. ನೀವು ಮೂರ್ ವರ್ಷ ಬತ್ತಿದ್ರಲ್ಲ, ಅದು ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

ಅವನು ಎಂಜಿನ್ ಹಚ್ಚಿದ. ಆಮೇಲೆ ಬೈಕು ತಿರುಗಿಸಿಕೊಂಡು ಊರ ಕಡೆ ಹೋದ.